ಮೊದಲ ಪದ ಮಾತ್ರ

ಸೆಪ್ಟೆಂಬರ್ ೯

ಅಪ್ಪಾ,

ಊಟ ಸರಿಯಾಗಿ ಮಾಡುತ್ತಿದ್ದೇನೆ, ಕ್ಲಾಸಿಗೂ ಹೋಗುತ್ತಿದ್ದೇನೆ. ಇದನ್ನು ಅಮ್ಮನಿಗೆ ಓದಿ ಹೇಳು. ನೋಡು, "ಓದಿ ಹೇಳು" ಎಂದು ಬರೆದುಬಿಟ್ಟೆ. ನಿನ್ನ ಗಂಟಲಿನ ಆಪರೇಷನ್ ಆಗಿ ಇಡೀ ಬೇಸಿಗೆ ಕಳೆದರೂ ನನ್ನ ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ತೋರಿಸು, ಅಷ್ಟು ಸಾಕು. ಫೋನ್ ಮಾಡಿದರೆ ಅಮ್ಮ ಒಬ್ಬಳೇ ಮಾತಾಡುತ್ತಾಳೆ, ನೀನು ಪಕ್ಕದಲ್ಲಿ ಕೂತು ಲೋಟಕ್ಕೆ ಚಮಚ ಬಡಿಯುತ್ತೀಯ. ಆ ಟಿಣ್ ಟಿಣ್‌ನಲ್ಲಿ ನನಗೆ ಏನು ತಿಳಿಯಬೇಕು? ಅದಕ್ಕೇ ಪತ್ರ.

ಈಗ ಮುಖ್ಯ ವಿಷಯ. ನಾನು ಹೊರಡುವ ಹಿಂದಿನ ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದೆಯಲ್ಲ, "ಆ ಊರಿನ ನಾಟಕದ ಮನೆ, ಸಿನಿಮಾ ಮನೆ ಒಂದನ್ನೂ ಬಿಡಬೇಡ. ನಮ್ಮ ಕಂಪನಿ ಅಲ್ಲಿಗೆ ಹೋಗ್ಬೇಕು ಹೋಗ್ಬೇಕು ಅಂತ ಹೋಗಲೇ ಇಲ್ಲ. ನೀನು ನೋಡಿ ನನಗೆ ಬರಿ" ಎಂದು? ಶುರು ಮಾಡಿದ್ದೇನೆ ಅಪ್ಪಾ. ಮೊದಲನೆಯದರಲ್ಲೇ ತಲೆ ಕೆಟ್ಟುಹೋಗಿದೆ.

ಇಲ್ಲಿ ವಿಶ್ವವಿದ್ಯಾಲಯ ಎಲ್ಲಿ ಮುಗಿದು ಊರು ಎಲ್ಲಿ ಶುರುವಾಗುತ್ತದೋ ಯಾರಿಗೂ ಗೊತ್ತಿಲ್ಲ. ಒಂದು ಕಲ್ಲಿನ ಕಮಾನು ದಾಟಿದರೆ ಗ್ರಂಥಾಲಯ, ಇನ್ನೊಂದು ದಾಟಿದರೆ ಚಪ್ಪಲಿ ರಿಪೇರಿ ಅಂಗಡಿ, ಅದರ ಹಿಂದಿನದನ್ನು ದಾಟಿದರೆ ಹಳೆಯ ವೈದ್ಯಕೀಯ ಕಾಲೇಜು. ಅದರೊಳಗೆ ಒಂದು ಗುಂಡನೆಯ ಕೋಣೆ. ಹಿಂದಿನ ಕಾಲದಲ್ಲಿ ನಡುವೆ ಮೇಜಿನ ಮೇಲೆ ಹೆಣ ಇಟ್ಟು, ಕೊಯ್ದು ಪಾಠ ಮಾಡುತ್ತಿದ್ದರಂತೆ. ವಿದ್ಯಾರ್ಥಿಗಳು ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ನಿಂತು ಬಗ್ಗಿ ನೋಡುತ್ತಿದ್ದರಂತೆ. ಈಗ ಮೇಜು ತೆಗೆದು ಅಲ್ಲಿ ನಾಟಕ ಆಡುತ್ತಾರೆ. ಬೆಂಚುಗಳು ಎಷ್ಟು ಕಡಿದಾಗಿ ಏರಿವೆ ಎಂದರೆ ಮುಂದೆ ಕೂತವರ ನೆತ್ತಿಗೆ ನಮ್ಮ ಮಂಡಿ ತಾಗುತ್ತದೆ.

ಮೇಷ್ಟ್ರು ಮೆಲ್ಲಗೆ ಮಾತಾಡಿದರೂ ತುದಿಯ ಬೆಂಚಿಗೆ ಕೇಳಬೇಕು ಎಂದು ಕಟ್ಟಿದ ಕೋಣೆ ಅದು. ಬಾಗಿಲು ಕಾಯುವ ಹೆಂಗಸು ನನ್ನನ್ನು ಮೇಲಕ್ಕೆ ಹತ್ತಿಸಿ, ತಾನು ಕೆಳಗೆ ನಡುವೆ ನಿಂತು ಬರೀ ತುಟಿ ಅಲ್ಲಾಡಿಸಿದ ಹಾಗೆ ಮಾಡಿದಳು. "ಬೂಟಿನ ಲೇಸ್ ಬಿಚ್ಚಿದೆ ನೋಡ್ಕೊ" ಎಂದದ್ದು ಕಿವಿಯ ಪಕ್ಕದಲ್ಲೇ ಕೇಳಿತು. ಕೆಳಗೆ ನೋಡಿದರೆ ಲೇಸ್ ನಿಜಕ್ಕೂ ಬಿಚ್ಚಿತ್ತು. ನನಗೆ ನಿನ್ನದೇ ನೆನಪು. ನಟರ ಕಿವಿಗೆ ಮಾತ್ರ ಬೀಳುವ ಹಾಗೆ ಪಿಸುಗುಟ್ಟಿ ಜೀವನವಿಡೀ ಕಳೆದ ಪ್ರಾಂಪ್ಟರ್ ನೀನು. ಈ ಕೋಣೆಯಲ್ಲಿ ನಿನ್ನ ಗುಟ್ಟು ಒಂದು ದಿನವೂ ಉಳಿಯುತ್ತಿರಲಿಲ್ಲ.

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇನ್ನೂ ಎಷ್ಟೋ ನೋಡುವುದಿದೆ.

ನಿನ್ನ
ಚಿನಕುರಳಿ


ಸೆಪ್ಟೆಂಬರ್ ೨೧

ಚಿನಕುರಳಿ,

ಪತ್ರ ಬಂತು, ಅಮ್ಮನಿಗೆ ತೋರಿಸಿದೆ. ಊಟದ ಸಾಲು ಓದಿ "ಸುಳ್ಳು" ಎಂದಳು. ಉಳಿದದ್ದನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡು ಬಂದ ಗಿರಾಕಿಗಳಿಗೆಲ್ಲ ಓದುತ್ತಿದ್ದಾಳೆ. ಹೆಣದ ಭಾಗ ಬಂದಾಗ ಕೋಟಿನ ಅಳತೆ ಕೊಡಲು ನಿಂತಿದ್ದ ಒಬ್ಬರು ಅರ್ಧ ಅಳತೆ ಕೊಟ್ಟು ಹೊರಟುಹೋದರು.

ನೀನು ಬರೆಯುವುದು ಚೆನ್ನಾಗಿದೆ, ಆದರೆ ಬೇಕಾದ್ದನ್ನೇ ಬರೆದಿಲ್ಲ. ಪ್ರಾಂಪ್ಟರ್ ಎಲ್ಲಿ ಕೂರುತ್ತಾನೆ? ಸುತ್ತಲೂ ಜನ ಇದ್ದರೆ ಪಕ್ಕದ ಪರದೆ ಇರುವುದಿಲ್ಲ, ಪರದೆ ಇಲ್ಲದಿದ್ದರೆ ಮರೆ ಇಲ್ಲ. ಅಲ್ಲಿ ಮಾತು ಮರೆತ ನಟನ ಗತಿ ಏನು? ವಿಚಾರಿಸಿ ತಿಳಿಸು. ಪ್ರಾಂಪ್ಟರ್ ಎಂದರೆ ಪುಸ್ತಕ ಹಿಡಿದು ಸಾಲೆಲ್ಲ ಓದಿಕೊಡುವವನು ಎಂದು ಜನ ತಿಳಿದಿದ್ದಾರೆ. ಮೊದಲ ಪದ ಮಾತ್ರ ಕೊಡಬೇಕು. ಉಳಿದದ್ದು ನಟನ ಹೊಟ್ಟೆಯಲ್ಲೇ ಇರುತ್ತದೆ. ಎರಡನೆಯ ಪದ ಕೊಟ್ಟೆವೋ, ಆ ನಟ ಮಾರನೆಯ ದಿನ ನಮ್ಮ ಮುಖ ನೋಡುವುದಿಲ್ಲ.

ನಮ್ಮ ನಾಟಕದ ಮನೆ ಈಗ ಸೋಫಾ ಅಂಗಡಿಯಾಗಿದೆಯಲ್ಲ, ಮೊನ್ನೆ ಅಲ್ಲಿಗೆ ಹೋಗಿದ್ದೆ. ನನ್ನ ಸ್ಟೂಲ್ ಇರುತ್ತಿದ್ದ ಜಾಗದಲ್ಲಿ ಹಸಿರು ಸೋಫಾ ಹಾಕಿದ್ದಾರೆ. ಕೂತು ನೋಡಿದೆ, ತೀರಾ ಮೆತ್ತಗೆ. ಅಂಗಡಿಯವನು ಬಂದು ಏನು ಬೇಕು ಎಂದು ಕೇಳಿದ. ಸ್ಲೇಟ್ ಮನೆಯಲ್ಲೇ ಬಿಟ್ಟಿದ್ದೆ, ಎದ್ದು ಬಂದೆ.

ಇನ್ನೊಂದು. ಬಸ್ ಹತ್ತುವಾಗ ನೀನು ಒಂದು ಮಾತು ತಪ್ಪು ಹೇಳಿದೆ. ತಿದ್ದೋಣ ಎಂದು ಬಾಯಿ ತೆರೆದೆ. ದನಿ ಎಲ್ಲಿಂದ ಬರಬೇಕು, ಬಸ್ ಹೊರಟಿತು. ಹೋಗಲಿ ಬಿಡು.

ಅಪ್ಪ


ಅಕ್ಟೋಬರ್ ೧೨

ಅಪ್ಪಾ,

ಪ್ರಾಂಪ್ಟರ್ ಜಾಗ ಸಿಕ್ಕಿತು. ಬಾಗಿಲು ಕಾಯುವ ಹೆಂಗಸಿನ ತಲೆ ತಿಂದು ತಿಂದು ಕೊನೆಗೂ ತೋರಿಸಿಕೊಂಡೆ. ಮೊದಲ ಸಾಲಿನ ಬೆಂಚಿನ ಕೆಳಗೆ ಒಂದು ಕುಳ್ಳ ಬಾಗಿಲು. ಹೆಣಗಳನ್ನು ಒಳಗೆ ತರುತ್ತಿದ್ದ ದಾರಿ ಅದೇ ಅಂತೆ. ಹಳೆಯ ಕಾಲದ ನಾಟಕಗಳಲ್ಲಿ ಪ್ರಾಂಪ್ಟರ್ ಅದರೊಳಗೆ ಮಂಡಿಯೂರಿ ಕೂರುತ್ತಿದ್ದನಂತೆ. "ಈಗ್ಯಾರೂ ಕೂರಲ್ಲ, ಮರೆತೋರು ಮರೆತ ಹಾಗೇ" ಎಂದಳು. ನಾನು ಒಳಗೆ ನುಗ್ಗಿ ಕೂತು ನೋಡಿದೆ. ನಟರ ಪಾದ ಮಾತ್ರ ಕಾಣುತ್ತದೆ. ನಿನಗೆ ಖಂಡಿತ ಇಷ್ಟವಾಗುತ್ತದೆ. ಬಟ್ಟೆಯೆಲ್ಲ ಧೂಳಾಯಿತು, ಅಮ್ಮನಿಗೆ ಹೇಳಬೇಡ.

ಈಗ ಸಿನಿಮಾ ಮನೆಗಳ ಸರದಿ. ಹಳೆಯ ಪುಸ್ತಕದ ಅಂಗಡಿಯ ಹಿಂದೆ ಒಂದಿದೆ, ಅಂಗಡಿಯ ಒಳಗಿಂದಲೇ ಹೋಗಬೇಕು. ಅಡುಗೆ ಪುಸ್ತಕ, ಜ್ಯಾಮಿತಿ, ಪ್ರವಾಸಕಥನ ಎಲ್ಲ ದಾಟಿ ಒಂದು ಪರದೆ ಸರಿಸಿದರೆ ಕತ್ತಲು, ಕತ್ತಲಲ್ಲಿ ಒಂದಿಷ್ಟು ಕುರ್ಚಿ. ಒಂದರ ಹಾಗೆ ಇನ್ನೊಂದಿಲ್ಲ. ಯಾರೋ ಪ್ರೊಫೆಸರ್ ಸತ್ತಾಗ ಮನೆ ಖಾಲಿ ಮಾಡಿದರೆ ಅವರ ಕುರ್ಚಿ ಇಲ್ಲಿಗೆ ಬರುತ್ತದಂತೆ. ನಾನು ಕೂತದ್ದು ಖಗೋಳಶಾಸ್ತ್ರದವರ ಕುರ್ಚಿ, ಒರಗಿದರೆ ಮುಖ ಸೀದಾ ಛಾವಣಿಗೆ. ಅರ್ಧ ಸಿನಿಮಾ ಛಾವಣಿಯನ್ನೇ ನೋಡಿದೆ.

ಇನ್ನೊಂದು ಗಂಟೆಗೋಪುರದ ಬುಡದಲ್ಲಿದೆ. ಅಲ್ಲಿ ಗಂಟೆ ಹೊಡೆದರೆ ಕುರ್ಚಿ ನಡುಗುತ್ತದೆ. ಪರದೆಯ ಮೇಲೆ ನಾಯಕ ನಾಯಕಿ ಮುಖಕ್ಕೆ ಮುಖ ತಂದು ಇನ್ನೇನು ಎನ್ನುವಾಗ ಢಣ್ ಢಣ್ ಎಂದು ಶುರುವಾಯಿತು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ರೂಮಿನ ಗಣಿತದವಳು ಯಾವುದಕ್ಕೂ ನಗುವವಳಲ್ಲ, ಅವಳಿಗೂ ಕಣ್ಣಲ್ಲಿ ನೀರು ಬಂತು.

ಯಾವ ಮಾತು ತಪ್ಪು ಹೇಳಿದೆ? ಹೇಳಿಬಿಡು, ನಿದ್ದೆ ಬರುತ್ತಿಲ್ಲ.

ಚಿನಕುರಳಿ


ಅಕ್ಟೋಬರ್ ೩೦

ಮಗಳೇ,

ಇದು ನಿನ್ನಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿರುವುದು. ಅವರು ಪೇಪರ್ ತರಲು ಹೋಗಿದ್ದಾರೆ, ಬೇಗ ಬೇಗ ಗೀಚುತ್ತೇನೆ, ಅಕ್ಷರ ನೋಡಬೇಡ.

ನಿನ್ನ ಪತ್ರ ಬಂದ ದಿನ ಮನೆಯಲ್ಲಿ ಬೆಳಕು. ನಾಲ್ಕು ಸಲ ಓದುತ್ತಾರೆ, ಗುಂಡು ಕೋಣೆಯ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ. ಆದರೆ ನಿನಗೆ ಒಂದು ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಹೋದ ಮೇಲೆ ಡಾಕ್ಟರ್ ನೋಡಿ, ಗಂಟಲು ಮಾಗಿದೆ ಎಂದರು. ಮೊದಲಿನ ದನಿ ಬರುವುದಿಲ್ಲ, ಒರಟಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ. ದಿನಾ ಬೆಳಿಗ್ಗೆ ಆ, ಈ, ಊ ಎಂದು ಅಭ್ಯಾಸ ಮಾಡಬೇಕು. ವರ್ಷವಿಡೀ ಸುಮ್ಮನಿದ್ದುಬಿಟ್ಟರೆ ಆಮೇಲೆ ತಮ್ಮ ಕೈಯಲ್ಲೂ ಏನೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.

ಮೊದಲ ದಿನ ಕನ್ನಡಿ ಮುಂದೆ ನಿಂತು "ಆ" ಎಂದರು. ತುಕ್ಕು ಹಿಡಿದ ಗೇಟ್ ತೆಗೆದ ಹಾಗೆ ಇತ್ತು. ಬೀರುವಿನ ಮೇಲೆ ಮಲಗಿದ್ದ ನಮ್ಮ ಬೆಕ್ಕು ದಡಕ್ಕನೆ ಕೆಳಗೆ ಬಿದ್ದು, ಕಿಟಕಿ ಹಾರಿ ಓಡಿತು. ಸಂಜೆಯವರೆಗೆ ಮನೆ ಕಡೆ ತಲೆ ಹಾಕಲಿಲ್ಲ. ನಿನ್ನಪ್ಪ ಆ ಖಾಲಿ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಯಿ ಮುಚ್ಚಿದವರು ತೆರೆದಿಲ್ಲ. ಕೇಳಿದರೆ ಸ್ಲೇಟಿನಲ್ಲಿ ಬರೆಯುತ್ತಾರೆ, "ಕಂಪನಿಯಲ್ಲಿ ನನ್ನನ್ನು ಪಿಸುಗಾರ ಅಂತಿದ್ರು. ಬೆಕ್ಕು ಓಡಿಸೋ ದನಿ ಇಟ್ಕೊಂಡು ನಾನೇನು ಮಾಡ್ಲಿ?"

ನನಗೆ ಮೊದಲಿನ ದನಿಯೇ ಬೇಕು ಎಂದು ಯಾರು ಹೇಳಿದರು? ಗೇಟಿನ ಶಬ್ದವೇ ಇರಲಿ. ಈ ಮನೆಯಲ್ಲಿ ನಾನೊಬ್ಬಳೇ ಮಾತಾಡಿ ಮಾತಾಡಿ ನನ್ನ ದನಿ ಕೇಳಿದರೆ ನನಗೇ ಸಿಟ್ಟು ಬರುತ್ತದೆ. ನೀನು ಹೇಳಿದರೆ ಕೇಳುತ್ತಾರೇನೋ. ಆದರೆ ನಾನು ಹೇಳಿದೆ ಅಂತ ಗೊತ್ತಾಗಬಾರದು.

ರಜೆಗೆ ಬರುತ್ತೀಯಾ?

ಅಮ್ಮ


ನವೆಂಬರ್ ೧೭

ಅಪ್ಪಾ,

ಕೂತುಕೊಂಡು ಓದು. ಕೂತೆಯಾ?

ನನಗೆ ನಾಟಕದಲ್ಲಿ ಪಾತ್ರ ಸಿಕ್ಕಿದೆ. ಸುಮ್ಮನೆ ಬಂದು ತಟ್ಟೆ ಇಟ್ಟು ಹೋಗುವ ಪಾತ್ರವಲ್ಲ, ಮುಖ್ಯ ಪಾತ್ರ. ಅದೂ ಗುಂಡು ಕೋಣೆಯಲ್ಲಿ.

ಮೊದಲಿನಿಂದ ಹೇಳುತ್ತೇನೆ. ಹೋದ ವಾರ ದೊಡ್ಡ ಥಿಯೇಟರಿಗೆ ಹೋಗಿದ್ದೆ, ಕೆಂಪು ಮಖಮಲ್ಲು, ಒಂದರ ಮೇಲೊಂದು ಬಾಲ್ಕನಿ. ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೇಲಿನದು, ಅದಕ್ಕೆ ಪಾರಿವಾಳದ ಗೂಡು ಎಂದು ಹೆಸರು. ಅಲ್ಲಿಂದ ನೋಡಿದರೆ ನಟರು ಕಾಣುವುದಿಲ್ಲ, ಅವರ ಬೈತಲೆ ಕಾಣುತ್ತದೆ. ರಾಜನ ತಲೆ ನಡುವೆ ಬೋಳು. ಒಂದು ದೃಶ್ಯದಲ್ಲಿ ರಾಣಿ ಮಾತು ನಿಲ್ಲಿಸಿದಳು, ನಾನು ತಡೆಯಲಾರದೆ "ಮರೆತಳು" ಎಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ತಿರುಗಿ, "ಹೇಗೆ ಗೊತ್ತು?" ಎಂದರು. "ನಮ್ಮಪ್ಪ ಪ್ರಾಂಪ್ಟರ್" ಎಂದೆ. ಇಂಟರ್ವಲ್‌ನಲ್ಲಿ ಅವರು ನನ್ನ ಕೈ ಹಿಡಿದು ಕೂರಿಸಿ ನಿನ್ನ ಕಥೆಯೆಲ್ಲ ಕೇಳಿದರು. ಅವರು ಇಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ, ನಾಟಕ ಬರೆಯುತ್ತಾರೆ, ಆಡಿಸುತ್ತಾರೆ. ಯಾರ ಮಾತು ಉದ್ದವಾದರೂ ಕತ್ತರಿಸುತ್ತಾರೆ ಎಂದು ವಿದ್ಯಾರ್ಥಿಗಳು ಕತ್ತರಿ ಮೇಡಂ ಎನ್ನುತ್ತಾರೆ. "ಸೋಮವಾರ ಬಾ, ಓದಿಸಿ ನೋಡ್ತೀನಿ" ಎಂದರು. ಹೋದೆ, ಓದಿದೆ, ಸಿಕ್ಕಿತು.

ಗಡಿಯಾರ ರಿಪೇರಿಯವನ ಮಗಳ ಕಥೆ. ನಾಟಕವಿಡೀ ಅಪ್ಪ ಮಗಳು ಜಗಳವಾಡುತ್ತಾರೆ, ಕೊನೆಗೆ ಮಗಳು ಮನೆ ಬಿಟ್ಟು ಹೋಗುತ್ತಾಳೆ. ವೈದ್ಯಕೀಯ ಓದುವ ಹುಡುಗ ನನ್ನ ಅಪ್ಪ. ನನಗಿಂತ ಚಿಕ್ಕವನು, ಗಡ್ಡ ಅಂಟಿಸಿಕೊಂಡು ನನ್ನನ್ನು ಗದರಿಸುವಾಗ ನಗು ತಡೆಯುವುದೇ ಕಷ್ಟ.

ಪ್ರದರ್ಶನ ಏಪ್ರಿಲ್‌ನಲ್ಲಿ. ರಿಹರ್ಸಲ್ ಇರುವುದರಿಂದ ರಜೆಗೆ ಬರಲು ಆಗುವುದಿಲ್ಲ. ನೀನೇ ಬರಬೇಕು.

ನಿನ್ನ
ಗಡಿಯಾರದವನ ಮಗಳು


ಡಿಸೆಂಬರ್ ೩

ಚಿನಕುರಳಿ,

ಕೂತುಕೊಂಡೇ ಓದಿದೆ. ಆಮೇಲೆ ಎದ್ದು ಬೀದಿಯ ತುದಿಯವರೆಗೆ ನಡೆದು ಬಂದೆ. ಯಾರಿಗಾದರೂ ಹೇಳಬೇಕು ಎನಿಸಿತು. ದಾರಿಯಲ್ಲಿ ಕಟಿಂಗ್ ಶಾಪಿನವನು ಸಿಕ್ಕಿದ, ಸ್ಲೇಟಿನ ಮೇಲೆ "ಮಗಳು ನಾಯಕಿ" ಎಂದು ಬರೆದು ತೋರಿಸಿದೆ. ಅವನು ನಿನಗೆ ಮದುವೆ ನಿಶ್ಚಯವಾಗಿದೆ ಎಂದು ತಿಳಿದು ಕೈ ಕುಲುಕಿದ. ಬಿಡಿಸಿ ಹೇಳುವಷ್ಟು ಬಳಪ ಇರಲಿಲ್ಲ. ಈಗ ಊರೆಲ್ಲ ಅದೇ ಸುದ್ದಿ, ಅಮ್ಮ ಬಂದವರಿಗೆಲ್ಲ ಸಮಜಾಯಿಷಿ ಕೊಡುತ್ತಿದ್ದಾಳೆ.

ನಾನು ಬರುವುದಿಲ್ಲ. ಅಮ್ಮ ಬರುತ್ತಾಳೆ. ನಾಟಕವನ್ನು ಎದುರಿನಿಂದ ನೋಡಿ ನನಗೆ ಅಭ್ಯಾಸವಿಲ್ಲ. ಅಲ್ಲದೆ ಪ್ರೇಕ್ಷಕರ ನಡುವೆ ಕೂತರೆ ಪಕ್ಕದವರು ಏನಾದರೂ ಕೇಳುತ್ತಾರೆ.

ಬದಲಿಗೆ ಒಂದು ವಿದ್ಯೆ ಹೇಳಿಕೊಡುತ್ತೇನೆ. ಮೌನವೂ ಮರೆವೂ ನೋಡಲು ಒಂದೇ. ನಟ ಬೇಕೆಂದೇ ಸುಮ್ಮನಿದ್ದಾಗ ಪ್ರಾಂಪ್ಟರ್ ಬಾಯಿ ಹಾಕಿದರೆ ನಾಟಕ ಕೆಟ್ಟಿತು. ನಿಜವಾಗಿ ಮರೆತಾಗ ಬಾಯಿ ಹಾಕದಿದ್ದರೂ ಕೆಟ್ಟಿತು. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಮುಖ ನೋಡಬಾರದು, ಮುಖ ಸುಳ್ಳು ಹೇಳುತ್ತದೆ. ಹೆಬ್ಬೆರಳು ನೋಡಬೇಕು. ಮರೆತವರ ಹೆಬ್ಬೆರಳು ತೋರುಬೆರಳನ್ನು ಉಜ್ಜಲು ಶುರುಮಾಡುತ್ತದೆ, ಕಳೆದುಹೋದ ಪದ ಅಲ್ಲೇ ಎಲ್ಲೋ ಸಿಕ್ಕಿಕೊಂಡಿದೆ ಎನ್ನುವ ಹಾಗೆ. ನೀನು ಚಿಕ್ಕವಳಿದ್ದಾಗ ಮಗ್ಗಿ ಒಪ್ಪಿಸುವಾಗಲೂ ಹಾಗೇ ಮಾಡುತ್ತಿದ್ದೆ.

ನಾಟಕದ ಪ್ರತಿ ಕಳಿಸು. ಓದಿ ನೋಡುತ್ತೇನೆ.

ಅಪ್ಪ


ಜನವರಿ ೮

ಅಪ್ಪಾ,

ಪ್ರತಿ ಕಳಿಸಿದ್ದೇನೆ. ಕೆಂಪು ಗೆರೆ ಇರುವುದೆಲ್ಲ ಕತ್ತರಿ ಮೇಡಂ ಕತ್ತರಿಸಿದ್ದು. ನನ್ನ ಸಾಲುಗಳೇ ಹೆಚ್ಚು ಹೋಗಿವೆ, ಆದರೂ ಸಿಟ್ಟು ಬರುತ್ತಿಲ್ಲ. ಕತ್ತರಿಸಿದ ಮೇಲೆ ಉಳಿದದ್ದು ಬಾಯಿಗೆ ಸಲೀಸಾಗಿ ಬರುತ್ತದೆ.

ಕೊನೆಯ ಪುಟ ನೋಡು. ಮಗಳು ಪೆಟ್ಟಿಗೆ ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದಾಳೆ. ಅಪ್ಪ ಕೆಲಸದ ಮೇಜಿನಿಂದ ತಲೆ ಎತ್ತುವುದಿಲ್ಲ. ಅಲ್ಲಿ "ದೀರ್ಘ ಮೌನ" ಎಂದು ಬರೆದಿದೆ. ಆಮೇಲೆ ನನ್ನದು ಒಂದೇ ಮಾತು, "ಹೋಗ್ತೀನಿ". ದೀಪ ಆರುತ್ತದೆ, ನಾಟಕ ಮುಗಿಯುತ್ತದೆ. ಆ ಮೌನ ಎಷ್ಟು ಹೊತ್ತು ಇರಬೇಕು ಎಂದು ಮೇಡಂ ಹೇಳುವುದೇ ಇಲ್ಲ. "ನಿನಗೆ ಸಾಕು ಅನಿಸೋವರೆಗೂ ಅಲ್ಲ. ನೋಡೋರಿಗೆ ಸಾಕು ಅನಿಸೋವರೆಗೂ ಅಲ್ಲ. ಇಬ್ಬರಿಗೂ ಸಾಕಾದ ಮೇಲೆ ಇನ್ನೊಂದು ಸ್ವಲ್ಪ" ಎನ್ನುತ್ತಾರೆ. ಹಾಗೆಂದರೆ ಏನು ಎಂದು ಭೌತಶಾಸ್ತ್ರದವರನ್ನೇ ಕೇಳಬೇಕು.

ನಾಟಕದ ಅಪ್ಪನ ಗಡ್ಡ ನಿನ್ನೆ ಜಗಳದ ದೃಶ್ಯದಲ್ಲಿ ಕಿತ್ತು ನನ್ನ ಕೈಗೆ ಬಂತು. ಅವನು ಮಾತು ನಿಲ್ಲಿಸದೆ ನನ್ನ ಕೈಯಿಂದ ಕಸಿದು ಜೇಬಿಗೆ ಹಾಕಿಕೊಂಡ. ಇವನು ಒಳ್ಳೆಯ ಡಾಕ್ಟರ್ ಆಗುತ್ತಾನೆ.

ಚಿನಕುರಳಿ


ಜನವರಿ ೧೯

ಚಿನಕುರಳಿ,

ನಾಟಕ ಓದಿದೆ. ಚೆನ್ನಾಗಿದೆ. ಕತ್ತರಿಸಿದ ಸಾಲುಗಳನ್ನೂ ಓದಿದೆ, ಕತ್ತರಿಸಿದ್ದೇ ಸರಿ.

ಕೊನೆಯ ಮಾತು ಸರಿಯಿಲ್ಲ. ಹೊಸ್ತಿಲಲ್ಲಿ ನಿಂತು "ಹೋಗ್ತೀನಿ" ಎಂದು ಯಾರು ಹೇಳುತ್ತಾರೆ? "ಬರ್ತೀನಿ" ಎನ್ನಬೇಕು. ಜಗಳವಾಡಿಕೊಂಡು ಹೋಗುವವರೂ ಹಾಗೇ ಹೇಳುತ್ತಾರೆ. ನೀನು ಶಾಲೆಗೆ ಹೋಗುವಾಗ ಹೇಳಿಕೊಟ್ಟಿದ್ದೆ, ಮರೆತೆಯಾ? ನಿಮ್ಮ ಮೇಡಂಗೆ ಹೇಳು.

ಬೇಡ, ಹೇಳಬೇಡ. ಬರೆದವರು ಬರೆದದ್ದೇ ಮಾತು. ನಾನು ಇಷ್ಟು ವರ್ಷದಲ್ಲಿ ಪುಸ್ತಕದ ಒಂದು ಪದವನ್ನೂ ಬದಲಿಸಿ ಕೊಟ್ಟವನಲ್ಲ. ಎಂಥೆಂಥ ಹುಚ್ಚು ಸಾಲುಗಳಿದ್ದವು, ಇದ್ದದ್ದು ಇದ್ದ ಹಾಗೇ ಕೊಟ್ಟಿದ್ದೇನೆ.

ಅಪ್ಪ


ಫೆಬ್ರವರಿ ೬

ಅಪ್ಪಾ,

ಹೇಳಬೇಡ ಎಂದಿದ್ದನ್ನು ಹೇಳಿದೆ. ಮೇಡಂ ಪೂರ್ತಿ ಕೇಳಿಸಿಕೊಂಡು, "ನಿಮ್ಮಪ್ಪ ಹೇಳೋದು ಸರಿ. ಅದಕ್ಕೇ ಹೋಗ್ತೀನಿ ಅಂತ ಬರೆದಿರೋದು. ಅವಳು ವಾಪಸ್ ಬರಲ್ಲ. ಆ ಒಂದು ಪದಕ್ಕೋಸ್ಕರ ಇಡೀ ನಾಟಕ ಬರೆದಿದ್ದೀನಿ" ಎಂದರು. ಆದ್ದರಿಂದ ಅದು ಹಾಗೇ ಇರುತ್ತದೆ.

ಮೊನ್ನೆ ಕಾಲೇಜಿನ ಅಂಗಳದಲ್ಲಿ ಸಿನಿಮಾ ಹಾಕಿದ್ದರು, ಗೋಡೆಯೇ ಪರದೆ. ಚಳಿಗೆ ಎಲ್ಲರೂ ಕಂಬಳಿ ಹೊದ್ದು ಕೂತಿದ್ದೆವು. ಗೋಡೆಯಲ್ಲಿ ಕಿಟಕಿಗಳಿವೆ. ಕಾರು ಓಡುವ ದೃಶ್ಯದ ನಡುವೆ ಒಂದು ಕಿಟಕಿ ತೆರೆದುಕೊಂಡಿತು, ಯಾರೋ ಪ್ರೊಫೆಸರ್ ತಲೆ ಹೊರಗೆ ಹಾಕಿ ಮಳೆ ಬರುತ್ತದೋ ಎಂದು ಕೈ ಚಾಚಿದರು. ಕಾರು ಅವರ ಮುಖದ ಮೇಲೆ ಹಾದುಹೋಯಿತು. ನಾವೆಲ್ಲ ಚಪ್ಪಾಳೆ ಹೊಡೆದೆವು, ಪಾಪ, ಅವರು ಏಕೆಂದು ತಿಳಿಯದೆ ಕೈ ಬೀಸಿದರು.

ಇದನ್ನೆಲ್ಲ ನಿನಗೆ ಬರೆಯುತ್ತೇನೆ, ನೀನು ಓದಿ ಸಂತೋಷಪಡುತ್ತೀಯ, ಎಲ್ಲ ಸರಿ. ಆದರೆ ಪತ್ರದಲ್ಲಿ ಹೇಳದೆ ಬಿಟ್ಟದ್ದು ನಿನ್ನದೂ ಇದೆ. ಬೆಕ್ಕಿನ ವಿಷಯ ನನಗೆ ಗೊತ್ತು. ಡಾಕ್ಟರ್ ಹೇಳಿದ್ದೂ ಗೊತ್ತು. ನಿನ್ನ ದನಿ ಬರುತ್ತದೆ, ನೀನು ಬರಲು ಬಿಡುತ್ತಿಲ್ಲ. ನನಗೆ ಸಿಟ್ಟು ಬಂದಿದೆ ಅಪ್ಪಾ. ಇಷ್ಟು ಥಿಯೇಟರ್ ತಿರುಗಿದೆ, ಎಲ್ಲರ ದನಿ ಕೇಳಿದೆ, ನನಗೆ ಬೇಕಾದ ದನಿ ಒಂದೇ. ಅದು ಗೇಟಿನ ಹಾಗಿದ್ದರೂ ನನಗೇನೂ ಇಲ್ಲ. ವರ್ಷ ಮುಗಿಯುತ್ತ ಬಂತು, ಆಮೇಲೆ ಅತ್ತರೆ ಬರುತ್ತದಾ?

ಆ ಎನ್ನು. ಬೆಕ್ಕು ಎಲ್ಲಿಗೆ ಬೇಕಾದರೂ ಹೋಗಲಿ.

ಚಿನಕುರಳಿ


ಮಾರ್ಚ್ ೪

ಮಗಳೇ,

ನಿನ್ನಪ್ಪ ಏಕೆ ಪತ್ರ ಬರೆಯುತ್ತಿಲ್ಲ ಎಂದು ಫೋನಿನಲ್ಲಿ ಕೇಳಿದೆಯಲ್ಲ, ಮೂತಿ ಉಬ್ಬಿಸಿಕೊಂಡಿದ್ದಾರೆ. ನಿನ್ನ ಮೇಲಲ್ಲ, ನನ್ನ ಮೇಲೆ. ಗುಟ್ಟು ಬಿಟ್ಟುಕೊಟ್ಟೆನಂತೆ. ಸ್ಲೇಟಿನ ಮೇಲೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಈಗ ಮನೆ ಹೇಗಿರಬೇಕು, ನೀನೇ ಊಹಿಸಿಕೋ.

ದಿನಾ ಸಂಜೆ ನಿನ್ನ ನಾಟಕದ ಪ್ರತಿ ಹಿಡಿದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಾರೆ. ತುಟಿ ಅಲ್ಲಾಡುತ್ತದೆ. ಹತ್ತಿರ ಹೋಗಿ ಕಿವಿಗೊಟ್ಟೆ, ಉಸಿರು ಮಾತ್ರ. ಅಭ್ಯಾಸ ಮಾಡುತ್ತಿಲ್ಲ.

ಟಿಕೆಟ್ ಎರಡು ಕಳಿಸು. ನಾನು ಕರೆತರುತ್ತೇನೋ ಇಲ್ಲವೋ, ಎರಡು ಕಳಿಸು.

ಅಮ್ಮ


ಮಾರ್ಚ್ ೨೦

ಅಪ್ಪಾ,

ಟಿಕೆಟ್ ಎರಡೂ ಇದರಲ್ಲಿವೆ. ಏಪ್ರಿಲ್ ೧೧, ಶನಿವಾರ ಮಧ್ಯಾಹ್ನದ ಆಟ, ಮುಗಿದ ಮೇಲೆ ನಮ್ಮ ಊರಿನ ಕೊನೆಯ ಬಸ್ ಆರಾಮಾಗಿ ಸಿಗುತ್ತದೆ. ಮೊದಲ ಬೆಂಚು, ಕುಳ್ಳ ಬಾಗಿಲಿನ ಮೇಲೇ. ಪ್ರಾಂಪ್ಟರ್ ಜಾಗಕ್ಕೆ ಇದಕ್ಕಿಂತ ಹತ್ತಿರ ಕೊಡಲಾರೆ. ಅಲ್ಲಿ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ, ನಾಟಕ ಶುರುವಾದರೆ ಎಲ್ಲರೂ ನಿನ್ನ ಹಾಗೇ ಸುಮ್ಮನಿರಬೇಕು.

ದನಿಯ ಮಾತು ಇನ್ನು ಎತ್ತುವುದಿಲ್ಲ. ಬಾ, ಸಾಕು.

ಚಿನಕುರಳಿ


ಏಪ್ರಿಲ್ ೧೨

ಅಪ್ಪಾ,

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಒಬ್ಬಳೇ ಮಾತಾಡಿದಳು. ನೀನು ಮಫ್ಲರ್ ಮೂಗಿನವರೆಗೆ ಸುತ್ತಿಕೊಂಡು ಕಂಬದ ಹಿಂದೆ ನಿಂತಿದ್ದೆ. ಬಸ್ ಹೊರಟ ಮೇಲೆ ನನಗೆ ಹೇಳಬೇಕಾದ್ದೆಲ್ಲ ನೆನಪಾಯಿತು. ರಾತ್ರಿ ಒಂದು ಸಾಲೂ ಬರೆಯಲಾಗಲಿಲ್ಲ, ಈಗ ಕೈ ನಿಲ್ಲುತ್ತಿಲ್ಲ.

ನಿನಗೆ ಕಂಡದ್ದು ನಿನಗೆ ಗೊತ್ತು, ನನಗೆ ಆದದ್ದು ಹೇಳುತ್ತೇನೆ. ಕೊ‌ನೆಯ ದೃಶ್ಯದವರೆಗೆ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಗಡ್ಡವೂ ನಿಂತಿತು. ಪೆಟ್ಟಿಗೆ ಹಿಡಿದು ಹೊಸ್ತಿಲಿಗೆ ಬಂದೆ. ಮೌನ ಶುರುವಾಯಿತು. ಅಷ್ಟು ಜನ ಇದ್ದರೂ ಬೆಂಚಿನ ಮರ ಕಿರುಗುಟ್ಟುವುದು ಕೇಳುತ್ತಿತ್ತು. ಇನ್ನು ಸಾಕು, ಈಗ ಹೇಳಬೇಕು ಎಂದುಕೊಂಡು ತಲೆ ಎತ್ತಿದೆ. ಎದುರಿಗೆ ನೀನು. ಮೊಣಕಾಲಿನ ಮೇಲೆ ಕೈಯಿಟ್ಟು, ಮುಂದಕ್ಕೆ ಬಾಗಿ, ನನ್ನ ಮುಖವನ್ನಲ್ಲ, ನನ್ನ ಕೈಯನ್ನು ನೋಡುತ್ತಿದ್ದೆ.

ಅಷ್ಟೇ ಅಪ್ಪಾ. ಮರೆತೆ. ಇಡೀ ನಾಟಕದಲ್ಲಿ ಇರುವ ಅತಿ ಚಿಕ್ಕ ಮಾತು, ನಾಲ್ಕು ತಿಂಗಳು ದಿನಾ ಹೇಳಿದ ಮಾತು, ತಲೆಯಿಂದ ಅಳಿಸಿಹೋಯಿತು. ಜನಕ್ಕೆ ಅದು ಮೌನ, ಮೇಡಂಗೂ ಮೌನ. ನನಗೆ ಗೊತ್ತು, ಆಮೇಲೆ ನನ್ನ ಹೆಬ್ಬೆರಳು ಉಜ್ಜಲು ಶುರುಮಾಡಿದ್ದು ನನಗೇ ಕಾಣಿಸಿತು.

ಆಗ ನೀನು ಕೊಟ್ಟೆ.

ಪಿಸುಗುಟ್ಟಲು ಹೋದೆ ಎಂದು ಅಮ್ಮ ಹೇಳುತ್ತಾಳೆ, ಉಸಿರಿನಲ್ಲೇ ಕೊಡಲು ಹೋದೆ, ದನಿ ತಾನೇ ಹೊರಬಿತ್ತು. ಒರಟು, ದಪ್ಪ, ಅರ್ಧ ಒಡೆದ ದನಿ. ಆ ಕೋಣೆಯಲ್ಲಿ ತುಟಿ ಅಲ್ಲಾಡಿಸಿದರೂ ತುದಿಯ ಬೆಂಚಿಗೆ ಹೋಗುತ್ತದೆ, ಇನ್ನು ಇದು ಬಿಡುತ್ತದಾ? ಪ್ರತಿಯೊಬ್ಬರಿಗೂ ಕೇಳಿತು. "ಬರ್ತೀನಿ."

ಹೆಬ್ಬೆರಳು ನಿಂತಿತು. "ಬರ್ತೀನಿ" ಎಂದೆ. ನಾಟಕದ ಅಪ್ಪ ಮೇಜಿನಿಂದ ತಲೆ ಎತ್ತಬಾರದು, ಎತ್ತಿಬಿಟ್ಟ. ದೀಪದವಳು ಒಂದು ಕ್ಷಣ ತಬ್ಬಿಬ್ಬಾಗಿ ಆಮೇಲೆ ಆರಿಸಿದಳು. ಚಪ್ಪಾಳೆ ಬಂತಲ್ಲ, ಅಷ್ಟು ಚಪ್ಪಾಳೆ ನಾನು ಈ ಊರಿನ ಯಾವ ಥಿಯೇಟರಿನಲ್ಲೂ ಕೇಳಿಲ್ಲ. ನಾನು ಕತ್ತಲಲ್ಲಿ ನಿಂತು ಅಳುತ್ತಿದ್ದೆ. ಚಪ್ಪಾಳೆಗಲ್ಲ.

ಮೇಡಂ ಒಳಗೆ ಬಂದರು. "ನನ್ನ ನಾಟಕದ ಕೊನೆ ಹಾಳು ಮಾಡಿದ್ದು ಯಾರು?"

"ನಮ್ಮಪ್ಪ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆ ಆಟಕ್ಕೂ ಬರ್ತಾರಾ ಕೇಳು."

ಕೇಳಲು ಓಡಿಬಂದೆ. ಆಗಲೇ ನೀನು ಮಫ್ಲರ್ ಒಳಗೆ. ಮೊದಲ ಪದ ಕೊಟ್ಟೆ, ಎರಡನೆಯದು ಕೊಡಲಿಲ್ಲ.

ಆದರೆ ಒಂದು ಕೇಳಲೇಬೇಕು. ಪುಸ್ತಕದಲ್ಲಿ "ಹೋಗ್ತೀನಿ" ಎಂದಿದೆ. ನಿನಗೆ ಗೊತ್ತಿತ್ತು, ಅದರ ಬಗ್ಗೆ ಜಗಳವನ್ನೂ ಆಡಿದ್ದೆ. ಪದ ಬದಲಿಸಿ ಕೊಟ್ಟವನೇ ಅಲ್ಲ ಎಂದೂ ಬರೆದಿದ್ದೆ. ಹಾಗಾದರೆ ಏಕೆ?

ನಿನ್ನ
ಚಿನಕುರಳಿ


ಏಪ್ರಿಲ್ ೧೮

ಚಿನಕುರಳಿ,

ನಿಮ್ಮ ಮೇಡಂಗೆ ನನ್ನ ಕ್ಷಮೆ ತಿಳಿಸು. ಅವರ ಪದ ನನಗೆ ಗೊತ್ತಿತ್ತು. ಬಾಯಿಯವರೆಗೆ ಬಂದಿತ್ತು.

ಕಳೆದ ವರ್ಷ ಬಸ್ ಹತ್ತುವಾಗ ನೀನು ತಪ್ಪು ಹೇಳಿದ್ದು ಯಾವ ಮಾತು ಎಂದು ಕೇಳಿದ್ದೆ, ನಾನು ಹೇಳಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು, ಚೀಲ ಹೆಗಲಿಗೇರಿಸಿ, ತಿರುಗಿ ನೋಡಿ, "ಅಪ್ಪಾ, ಹೋಗ್ತೀನಿ" ಎಂದೆ. ಅವಸರದಲ್ಲಿ ಬಾಯಿಗೆ ಬಂದದ್ದು, ನಿನಗೆ ಅದು ನೆನಪೂ ಇಲ್ಲ. ನಾನು ತಿದ್ದಲು ಬಾಯಿ ತೆರೆದೆ. ಬರೀ ಗಾಳಿ ಬಂತು. ನೀನು ಸೀಟು ಹುಡುಕಲು ಒಳಗೆ ಹೋದೆ. ಆವತ್ತಿನಿಂದ "ಬರ್ತೀನಿ" ಗಂಟಲಿನಲ್ಲೇ ಕೂತಿತ್ತು. ಶನಿವಾರ ನೀನು ಪೆಟ್ಟಿಗೆ ಹಿಡಿದು ಹೊಸ್ತಿಲಲ್ಲಿ ನಿಂತೆ, ಹೆಬ್ಬೆರಳು ಉಜ್ಜಿದೆ. ನಾನು ಪುಸ್ತಕದ ಪದ ಕೊಡಲೇ ಹೊರಟಿದ್ದೆ. ನನ್ನ ಮಗಳ ಬಾಯಿಗೆ ಆ ಪದವನ್ನು ನನ್ನ ಕೈಯಾರೆ ಹಾಕಲು ಆಗಲಿಲ್ಲ.

ಬಸ್ಸಿನಲ್ಲಿ ಅಮ್ಮ ದಾರಿಯುದ್ದಕ್ಕೂ ಅತ್ತಳು, ಮಧ್ಯೆ ಮಧ್ಯೆ ನಕ್ಕಳು. ಕಂಡಕ್ಟರ್ ನಮ್ಮನ್ನು ಎರಡು ಸಲ ವಿಚಾರಿಸಿಕೊಂಡ. ಎರಡನೆಯ ಸಲ ನಾನೇ "ಏನಿಲ್ಲ" ಎಂದೆ. ಅವನಿಗೆ ಏನೂ ವಿಶೇಷ ಅನಿಸಿದ ಹಾಗೆ ಕಾಣಲಿಲ್ಲ, ಸರಿ ಎಂದು ಮುಂದೆ ಹೋದ.

ಸೋಮವಾರದಿಂದ ಆ, ಈ, ಊ ಶುರುವಾಗಿದೆ. ನಿನ್ನ ಸಿನಿಮಾ ಮನೆಗಳಲ್ಲಿ ಇನ್ನೂ ಯಾವುದೋ ಒಂದು ಉಳಿದಿದೆ ಎಂದು ಅಮ್ಮನಿಗೆ ಹೇಳಿದೆಯಂತೆ, ನೋಡಿ ಬಾ. ಆದರೆ ಬರೆಯಬೇಡ. ಭಾನುವಾರ ಸಂಜೆ ಫೋನ್ ಮಾಡು, ನಾನೇ ಎತ್ತುತ್ತೇನೆ. ಬೆಕ್ಕನ್ನು ಮೊದಲೇ ಹೊರಗೆ ಬಿಟ್ಟಿರುತ್ತೇನೆ.

ಬರ್ತೀನಿ,
ಅಪ್ಪ